ಬಲ್ಬಿಗೆ ಕಾವು ಕೊಟ್ಟ ಕೆಂಪಿ

ನಾಚಾರಂನ ಎಲೆಕ್ಟ್ರಿಷಿಯನ್ ಬೂದೆಪ್ಪ ಚಿಂಚೋಳಿ ಕಡೆಯವನು. ತಾನು ಕಂಬ ಹತ್ತಿದರೆ ಕರೆಂಟೇ ಹೆದರಿ ಪಕ್ಕದ ಲೈನಿಗೆ ಸರಿಯುತ್ತದೆ ಎಂದು ಹೇಳಿಕೊಳ್ಳುವ ಗಂಡಸು. ಮನೆಯಲ್ಲಿ ಮಾತ್ರ ಹೆಂಡತಿ ಅನ್ನಮ್ಮ ಒಮ್ಮೆ ತಿರುಗಿ ನೋಡಿದರೆ ಇವನ ಫ್ಯೂಸು ಹಾರುತ್ತಿತ್ತು. ಇಂಥವನ ಜೀವವೆಲ್ಲ ಇದ್ದದ್ದು ಕೆಂಪಿ ಎಂಬ ಕೋಳಿಯ ಮೇಲೆ. ಸಂಜೆ ಸೈಕಲ್ ನಿಲ್ಲಿಸಿದೊಡನೆ ಅದು ಅವನ ಹೆಗಲೇರಿ ಇಡೀ ಓಣಿಯ ಚಾಡಿ ಹೇಳುತ್ತಿತ್ತು.

ಆ ಕೆಂಪಿ ಒಂದು ದಿನ ಮೊಟ್ಟೆ ಇಡುವುದನ್ನು ನಿಲ್ಲಿಸಿತು. ಬುಟ್ಟಿ ಬಿಟ್ಟು ಏಳಲಿಲ್ಲ. ಹೊಟ್ಟೆಯ ಪುಕ್ಕ ಉದುರಿಸಿಕೊಂಡು, ಹತ್ತಿರ ಹೋದವರಿಗೆಲ್ಲ ಬೈಯತೊಡಗಿತು. ಆ ಬೈಗುಳಕ್ಕೆ ಎದುರು ಶೆಡ್ಡಿನ ಲೇಥ್ ಮಷೀನೇ ನಾಚಿ ನಿಂತುಹೋಯಿತಂತೆ.

"ಬರೋ ಐತವಾರ ನಮ್ಮ ತಮ್ಮ ಭೀಮಾಶಂಕರ ಬರಾಕತ್ತಾನ್ರಿ," ಎಂದಳು ಅನ್ನಮ್ಮ. "ಮೊಟ್ಟಿ ಇಡದ ಕೋಳಿ ಸಾರಿಗೆ ಛಲೋ."

ಮರುದಿನ ಬೂದೆಪ್ಪ ತಾರ್ನಾಕದ ವಿಜಯಶ್ರೀ ಮೇಡಂ ಮನೆಗೆ ಫ್ಯಾನ್ ರಿಪೇರಿಗೆ ಹೋದವನು, ಆಕೆ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವರೆಂದು ನೆನಪಾಗಿ ಏಣಿಯ ಮೇಲಿಂದಲೇ ಗೋಳು ತೋಡಿಕೊಂಡ.

"ಅದಕ್ಕೇನೂ ರೋಗ ಇಲ್ಲ ಬೂದೆಪ್ಪ, ಕಾವಿಗೆ ಬಂದೈತಿ," ಎಂದರು ಮೇಡಂ. "ಮೆದುಳಿನ ತಳದಾಗ ಹೈಪೋಥಲಾಮಸ್ ಅಂತ ಐತಿ. ಅದು ಒಂದು ಹಾರ್ಮೋನ್ ಕಳಸ್ತೈತಿ. ಅದು ಮುಟ್ಟಿತಂದ್ರ ಕೆಳಗಿನ ಗ್ರಂಥಿ ಪ್ರೊಲ್ಯಾಕ್ಟಿನ್ ಅನ್ನೋ ಇನ್ನೊಂದನ್ನ ಬಿಡ್ತೈತಿ. ಅದೇರಿದ್ರ ಮೊಟ್ಟಿ ಬಂದ್, ಕೂತಿದ್ದೇ ಕೂತಿದ್ದು."

"ಅಂದ್ರ ಮ್ಯಾಲೆ ಸ್ವಿಚ್ಚು, ಕೆಳಗ ಮೋಟಾರು?"

"ಹಂಗೇ ಅನ್ಕೋ. ಹೊಟ್ಟಿಗೆ ಮೊಟ್ಟಿ ತಾಕಿಕೋತ ಇದ್ರ ಸ್ವಿಚ್ಚು ಆನ್. ತಗದ್ರ ನಿಧಾನಕ ಇಳೀತೈತಿ."

ಬೂದೆಪ್ಪ ಏಣಿಯಿಂದ ಇಳಿಯಲಿಲ್ಲ, ಹಾರಿದ. ಅನ್ನಮ್ಮನ ತವರಿನಲ್ಲೊಂದು ಕಟ್ಟಳೆಯಿತ್ತು: ಮೊಟ್ಟೆಗೆ ಕಾವು ಕೊಡುತ್ತ ಕೂತ ಕೋಳಿಯನ್ನು ಕೊಯ್ಯುವಂತಿಲ್ಲ. ಆದರೆ ಕೆಂಪಿಯ ಮೊಟ್ಟೆಗಳೆಲ್ಲ ಎಂದೋ ಆಮ್ಲೆಟ್ ಆಗಿದ್ದವು. ಖಾಲಿ ಬುಟ್ಟಿಯಲ್ಲಿ ಕೂತು ಕೂತು ಕಾವಿಳಿದರೆ ಅದು ಎದ್ದು ನೇರ ಗಡಿಗೆಗೇ ನಡೆಯಬೇಕು. ಅವನ ಚೀಲದಲ್ಲೋ ಕೆಟ್ಟ ಎಲ್‌ಇಡಿ ಬಲ್ಬುಗಳಿಗೆ ಬರವಿರಲಿಲ್ಲ. ದುಂಡಗೆ, ಬೆಳ್ಳಗೆ ಇದ್ದವನ್ನು ಆರಿಸಿ, ಬುಡ ಕತ್ತರಿಸಿ, ಕೆಂಪಿಯ ಕೆಳಗೆ ತಳ್ಳಿದ. ಕೆಂಪಿ ಹೆತ್ತವ್ವನಂತೆ ಮೈ ಹರಡಿತು. ಹೆಂಡತಿಗೆ, ಹಿತ್ತಲ ಮನೆಯ ಯಮುನಾಬಾಯಿ ಮೊಟ್ಟೆ ಕೊಟ್ಟಳೆಂದು ಹೇಳಿದ. ಅನ್ನಮ್ಮ ಗೊಣಗಿದಳು, ಆದರೆ ಕತ್ತಿ ಮುಟ್ಟಲಿಲ್ಲ.

ಐತವಾರ ಭೀಮಾಶಂಕರ ಬಂದ. ಬಂದವನೇ ಬುಟ್ಟಿಗೆ ಕೈಹಾಕಿ, ಎಷ್ಟು ತೂಗೀತೆಂದು ಕೆಂಪಿಯನ್ನೆತ್ತಿದ.

"ಅಕ್ಕಾ, ಇದೇನು ಬಲ್ಬಿನ ಮ್ಯಾಲ ಕೂತೈತಿ?"

ಅನ್ನಮ್ಮ ಗಂಡನತ್ತ ತಿರುಗಿದಳು.

"ಅದರ ತಪ್ಪಿಲ್ಲ," ಎಂದ ಬೂದೆಪ್ಪ. "ಹಾರ್ಮೋನ್ ಏರೈತಿ."

"ಅದಕ್ಕ ಹಾರ್ಮೋನ್. ನಿಮಗೇನ್ ಏರೈತ್ರಿ?"

ಅಷ್ಟರಲ್ಲಿ ಕೆಂಪಿ ಭೀಮಾಶಂಕರನ ಕೈ ಕುಕ್ಕಿ ಕೆಳಗೆ ಹಾರಿತು. ಉರುಳಿಹೋಗಿದ್ದ ಬಲ್ಬನ್ನು ಕೊಕ್ಕಿನಿಂದ ಎಳೆದೆಳೆದು ಹೊಟ್ಟೆಯಡಿಗೆ ತಂದುಕೊಂಡು ಕೂತಿತು. ಅಷ್ಟೊತ್ತಿಗೆ ಕತ್ತಿ ಕೈಗೆತ್ತಿಕೊಂಡಿದ್ದ ಅನ್ನಮ್ಮ ಅದನ್ನು ನೋಡಿದಳು. ಆಮೇಲೆ ಅದೇ ಕತ್ತಿಯಲ್ಲಿ ಬದನೆಕಾಯಿ ಹೆಚ್ಚಲು ಕೂತಳು.

"ಅಕ್ಕಾ, ಅಲ್ಲಿ ಮೊಟ್ಟೀನೇ ಇಲ್ಲಲ್ಲ," ಎಂದ ತಮ್ಮ.

"ಅದಕ್ಕೇನು ಗೊತ್ತು? ಕೂತೈತಿ ಅಂದ್ರ ಕೂತೈತಿ." ಗಂಡನಿಗೆ ಹೇಳಿದಳು: "ಹೋಗ್ರಿ, ಯಮುನಾಬಾಯಿ ಕಡೆಯಿಂದ ಖರೇ ಮೊಟ್ಟಿ ತಂದು ಇಡ್ರಿ. ಹುಂಜ ಐತಿ ಅವರ ಮನ್ಯಾಗ."

ಭೀಮಾಶಂಕರ ಎಣ್ಣೆಗಾಯಿಯಲ್ಲಿ ರೊಟ್ಟಿ ಅದ್ದುತ್ತ ಕೆಂಪಿಯನ್ನೇ ನೋಡಿದ. ಅದೂ ಗರಿ ಕೆದರಿ ಅವನನ್ನೇ ನೋಡಿತು.