ಹೊಳೆ ದಾಟದ ದಾರಿ

ವರದಾ ಹೊಳೆಗೆ ಅವಸರವೆಂಬುದಿಲ್ಲ. ಸಾಗರದ ಕಡೆ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲ ತಾಲೂಕಿನ ಅಂಚು ಹಿಡಿದು, ಬಯಲಿನಲ್ಲಿ ಮನಸ್ಸು ಬಂದಲ್ಲಿ ಹೊರಳುತ್ತ ಸವಣೂರಿನ ಕಡೆ ಬರುತ್ತದೆ. ಮುಂದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ನನ್ನ ತವರು ಅಕ್ಕಿಆಲೂರಿನ ಹತ್ತಿರದ ಹಳ್ಳಿ, ಗಂಡನ ಮನೆ ಹತ್ತಿಮತ್ತೂರಿನ ಕಡೆ. ತವರಿನ ಗದ್ದೆ ತೊಳೆದ ನೀರೇ ಒಂದೆರಡು ದಿನಕ್ಕೆ ನಮ್ಮೂರ ಹೊಳೆಗೆ ಬರುತ್ತಿತ್ತು. ಆ ನೀರಿನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು.

ಏಳೆಂಟು ವರ್ಷಗಳ ಹಿಂದಿನ ಮಾತು. ನಾನು ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಕುಬಸ ಮಾಡಿದಾಗಲೇ ಅವ್ವ ನನ್ನನ್ನು ಹೆರಿಗೆಗೆ ಕರೆದೊಯ್ಯಬೇಕಿತ್ತು. ಭತ್ತದ ನಾಟಿ ಮುಗಿಯಲಿ ಎಂದು ಮುಂದೆ ಹಾಕಿದಳು. ಅಷ್ಟರಲ್ಲಿ ಎಂಟು ತುಂಬಿತು, ಮಳೆ ಹಿಡಿಯಿತು, ಅತ್ತೆ ಅಡ್ಡ ನಿಂತರು. ದಿನ ತುಂಬುತ್ತಿರುವ ಬಸುರಿ ಹೊಳೆ ದಾಟಬಾರದಂತೆ. ಸೇತುವೆ ಇದೆಯಲ್ಲ ಎಂದರೆ, ಅದರ ಕೆಳಗೆ ಹರಿಯುವುದೇನು ಮಜ್ಜಿಗೆಯೇ ಎಂದು ಕೇಳಿದರು. ಗಂಡ ಎಂದಿನಂತೆ ಬಾಯಲ್ಲಿ ಕಡುಬು ಇಟ್ಟುಕೊಂಡು ಕುಳಿತ. ನನಗೆ ಬೇಕಿದ್ದದ್ದು ಒಂದೇ: ಹೆರುವಾಗ ಅವ್ವನ ಕೈ ಹಿಡಿಯಬೇಕು. ಆ ಮನೆಯ ನಾಲ್ಕು ಗೋಡೆಗಳು ದಿನದಿನಕ್ಕೆ ಹತ್ತಿರ ಬಂದಂತೆ ಅನಿಸುತ್ತಿತ್ತು.

ನನ್ನ ಅಳು ಕೇಳಿ ಬೇಸತ್ತ ಅತ್ತೆ ಒಂದು ದಿನ ಸವಾಲು ಹಾಕಿದರು. "ಹೊಳಿ ದಾಟದ ದಾರಿ ಇದ್ರ ತೋರ್ಸು, ನಾಳೆನ ಕಳಸ್ತೇನಿ."

ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವಳು. ರೊಟ್ಟಿ ಬಡಿಯಲು ಕುಳಿತಾಗ ಪರಾತದಲ್ಲಿದ್ದ ಜೋಳದ ಹಿಟ್ಟನ್ನು ಸಪಾಟು ಮಾಡಿ, ಬೆರಳಿನಿಂದ ಹೊಳೆಗಳನ್ನು ಎಳೆದೆ. ತವರೂರು ವರದಾ ಮತ್ತು ಧರ್ಮಾ ಹೊಳೆಗಳ ನಡುವೆ ಇದೆ. ಎರಡೂ ಮುಂದೆ ಕೂಡಲದಲ್ಲಿ ಒಂದಾಗುತ್ತವೆ. ನೆಟ್ಟಗೆ ಹೋದರೆ ಧರ್ಮಾ ಅಡ್ಡ. ಕೂಡಲದ ಕೆಳಗಿಂದ ಸುತ್ತಿ ಅದನ್ನು ತಪ್ಪಿಸಿದರೆ ವರದಾ ಎರಡು ಸಲ ಅಡ್ಡ. ಮೂರು ದಿನ ಅದೇ ಹಿಟ್ಟಿನಲ್ಲಿ ಬೆರಳಾಡಿಸಿದ ಮೇಲೆ ತಲೆಗೆ ಬಂತು: ಎಂಥ ಹೊಳೆಯೂ ಎಲ್ಲೋ ಒಂದು ಕಡೆ ಹುಟ್ಟಲೇಬೇಕು. ಧರ್ಮಾ ಹುಟ್ಟುವುದು ಮುಂಡಗೋಡದ ಕಾಡಿನ ಕಡೆ. ಶಿಗ್ಗಾಂವಿಗೆ ಹೋಗಿ, ಮುಂಡಗೋಡದ ದಾರಿ ಹಿಡಿದು, ಆ ಹುಟ್ಟನ್ನು ಸುತ್ತಿ ಕೆಳಗಿಳಿದರೆ ಹೊಳೆ ದಾಟಿದಂತಾಗುವುದಿಲ್ಲ. ಒಂದೂವರೆ ತಾಸಿನ ದಾರಿಗೆ ಅರ್ಧ ದಿನ ಬೇಕು, ಅಷ್ಟೇ.

ಅತ್ತೆ ಕನ್ನಡಕ ಹಾಕಿಕೊಂಡು ಹಿಟ್ಟಿನ ಮುಂದೆ ಕುಳಿತರು. ನಡುವೆ ಹಳ್ಳಗಳಿಲ್ಲವೇ ಎಂದು ಕೇಳಿದರು. ಬೇಸಿಗೆಯಲ್ಲಿ ಒಣಗುವ ಹಳ್ಳ ಹೊಳೆಯಲ್ಲ ಎಂದು ಆಮೇಲೆ ತಾವೇ ತೀರ್ಮಾನಿಸಿದರು. "ಶಾಣ್ಯಾಕಿ ಅದಿ. ನಿಮ್ಮವ್ವಗ ಫೋನ್ ಹಚ್ಚು."

ಹಿತ್ತಲಿಗೆ ಓಡಿ ಅವ್ವನಿಗೆ ಒಂದೇ ಉಸಿರಿಗೆ ದಾರಿ ಹೇಳಿದೆ, ಅಣ್ಣನ ಜೊತೆ ಗಾಡಿ ಕಳಿಸು ಎಂದೆ. ಆಗ ಅಣ್ಣನ ಹೆಂಡತಿಗೂ ಎಂಟು ತಿಂಗಳು. ಆಕೆಯ ತವರು ಹಿರೇಕೆರೂರಿನ ಕಡೆ, ವರದೆಯ ಆಚೆ ದಂಡೆ. ಆಕೆಯೂ ಹೋಗುತ್ತೇನೆಂದು ಅಳುತ್ತಿದ್ದಳಂತೆ.

"ನನ್ನ ಮಗಳನ್ನೂ ಕರಸಿಲ್ಲ ಅಂತ ಹೇಳಿ ಆಕಿನ್ನ ತಡದೇನಿ," ಎಂದಳು ಅವ್ವ. "ಈಗ ನೀ ಬಂದ್ರ ನಾ ಏನ್ ಹೇಳ್ಲಿ? ಅಲ್ಲೇ ಇರವ್ವಾ."

ಮರುದಿನ ವರದೆಯ ಹುಟ್ಟನ್ನು ಸುತ್ತುವ ದಾರಿಯನ್ನೂ ಎಳೆದು ನೋಡಿದೆ, ಅತ್ತಿಗೆಗಾಗಿ. ಸಾಗರದವರೆಗೆ ಹೋಗಬೇಕಿತ್ತು. ಪರಾತ ಸಾಲಲಿಲ್ಲ. ನೀರು ಸುರಿದು ಹಿಟ್ಟು ಕಲಸಿದೆ. ಅತ್ತೆಗೆ, ಮುಂಡಗೋಡದ ಕಡೆ ಮಳೆ ಜಾಸ್ತಿಯಂತೆ, ಹೋಗುವುದಿಲ್ಲ ಎಂದೆ.

ಮಗಳು ಸವಣೂರಿನ ಆಸ್ಪತ್ರೆಯಲ್ಲಿ ಹುಟ್ಟಿದಳು. ಕೈ ಹಿಡಿದವರು ಅತ್ತೆ. ಬಿಗಿಯಾಗಿಯೇ ಹಿಡಿದಿದ್ದರು, ಸುಳ್ಳು ಹೇಳಬಾರದು.

ಮಳೆ ನಿಂತ ಮೇಲೆ ಕೂಸನ್ನು ಎತ್ತಿಕೊಂಡು ತವರಿಗೆ ಹೋದೆ. ಧರ್ಮಾ ಸೇತುವೆ ದಾಟಲು ಒಂದು ನಿಮಿಷವೂ ಹಿಡಿಯಲಿಲ್ಲ. ಅತ್ತಿಗೆ ತನ್ನ ಮಗನಿಗೆ ಎಣ್ಣೆ ಹಚ್ಚುತ್ತ ಪಡಸಾಲೆಯಲ್ಲಿ ಕುಳಿತಿದ್ದಳು. ಮುಖ ಎತ್ತದೆಯೇ ಕೇಳಿದಳು: "ನೀವ ಬರಾಂಗಿಲ್ಲ ಅಂದ್ರಂತಲ್ರಿ? ನೀವು ಬಂದಿದ್ರ ನನ್ನೂ ಕಳಸ್ತಿದ್ರು."

ಒಳಗೆ ಅವ್ವನ ಪಾತ್ರೆಗಳ ಸದ್ದು ನಿಂತಿತು.

"ಹೌದ್ರಿ," ಎಂದೆ. "ನಾನ ಒಲ್ಲೆ ಅಂದೆ."