ಕುರ್ಚಿಯ ಹಿಂದಿನ ಮಹದೇವಕ್ಕ

ತಾನೇ ಹುಟ್ಟಿಸಿದ ದೆವ್ವಕ್ಕೆ ತಾನೇ ಹೆದರುವವರನ್ನು ನಾನು ಕಂಡಿದ್ದು ಒಬ್ಬರನ್ನೇ, ಅದು ನಮ್ಮ ಮಹದೇವಕ್ಕ. ಸಾಯಂಕಾಲ ಪ್ರೆಸ್ಸಿಗೆ ಬಂದು, ನನ್ನ ಕುರ್ಚಿಯ ಹಿಂದೆ ನಿಂತು, ಅದರ ಬೆನ್ನಿನ ಮೇಲೆ ಎರಡೂ ಕೈಯೂರಿ, ಕಣ್ಣು ಮುಚ್ಚಿಕೊಂಡು, ಹುಣಸೆಮರದಿಂದ ತಲೆಕೆಳಗಾಗಿ ಇಳಿದು ಬರುವ ಹೆಂಗಸಿನ ಕಥೆ ಹೇಳುವರು. ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾ ಹೋಗುವೆ. ದೆವ್ವ ನೆಲಕ್ಕೆ ಕಾಲೂರುವ ಜಾಗ ಬಂತೆಂದರೆ ಮಾತು ತಟಕ್ಕನೆ ನಿಲ್ಲುತ್ತಿತ್ತು.

"ಅಮ್ಮೀ, ಆ ಟ್ಯೂಬ್‌ಲೈಟ್ ಹಾಕಮ್ಮಿ."

"ಇನ್ನೂ ಬಿಸಿಲಿದೆಯಲ್ಲಕ್ಕಾ."

"ಬಿಸ್ಲಿದ್ರೇನು? ನಂಗೆ ಅವ್ಳು ಕಾಣ್ತಾವ್ಳೆ. ಹಾಕು ಅಂದ್ರೆ ಹಾಕು."

ಅಧ್ಯಾಯ ಮುಗಿದ ಮೇಲೆ ಒಬ್ಬರೇ ಮನೆಗೆ ಹೋಗುವ ಮಾತೇ ಇಲ್ಲ. ಅವರ ಬೀದಿಯ ತಿರುವಿನವರೆಗೆ ನಾನು ಬಿಟ್ಟು ಬರಬೇಕು. ನನಗಿಂತ ಒಂದು ಗೇಣು ಎತ್ತರ, ಹಣೆಯ ತುಂಬಾ ವಿಭೂತಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗಲಾಟೆ ಮಾಡುವ ದಲ್ಲಾಳಿಗಳನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುವ ಹೆಂಗಸು. ಆದರೆ ಬೀದಿ ದಾಟುವಾಗ ನನ್ನ ಮುಂಗೈ ಹಿಡಿದುಕೊಳ್ಳುತ್ತಿದ್ದರು. ನನಗೋ ಒಳಗೊಳಗೇ ನಗು.

ಆಗಿನ್ನೂ ಚಾಮರಾಜನಗರ ಜಿಲ್ಲೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹೊಸ ಕಚೇರಿಗಳು ಬಂದು, ಪ್ರೆಸ್ಸಿಗೆ ಲಗ್ನಪತ್ರಿಕೆಯ ಜೊತೆಗೆ ಲೆಟರ್‌ಹೆಡ್ಡಿನ ಕೆಲಸವೂ ಸಿಗತೊಡಗಿತ್ತು. ನಾನು ಅಲ್ಲಿ ಡಿಟಿಪಿ ಮಾಡುತ್ತಿದ್ದೆ. ಮಹದೇವಕ್ಕ ಗೂಡಿನ ಮಾರುಕಟ್ಟೆಯ ಆಫೀಸಿನಲ್ಲಿ ಗುಮಾಸ್ತೆ. ಮೈಗೆ ಗೂಡಿನ ವಾಸನೆ ಅಂಟಿರುತ್ತದೆ ಎಂದು ಬಂದ ಕೂಡಲೇ ಪ್ರೆಸ್ಸಿನ ನಲ್ಲಿಯಲ್ಲಿ ಕೈಕಾಲು ಮುಖ ತೊಳೆಯುವರು. ಆಮೇಲೂ ಆ ವಾಸನೆ ಹೋಗುತ್ತಿರಲಿಲ್ಲ. ನಾನು ಹೇಳುತ್ತಿರಲಿಲ್ಲ ಅಷ್ಟೆ.

ಬರವಣಿಗೆ ಬರದ ಹೆಂಗಸೇನಲ್ಲ. ಆದರೂ ಕಾದಂಬರಿಯನ್ನು ಬರೆದು ತರದೆ ಬಾಯಲ್ಲೇ ಹೇಳುವುದೇಕೆ ಎಂದು ಮೊದಲ ಸಲವೇ ಕೇಳಿದ್ದೆ. "ಪೆನ್ನು ಹಿಡಿದ್ರೆ ಆಫೀಸು ಬಂದ್ಬುಡ್ತದೆ ಕಣಮ್ಮಿ. ನಾಯಕಿ ನಾಯಕಂಗೆ 'ಮಾನ್ಯರೆ' ಅಂತಾಳೆ" ಎಂದು ನಕ್ಕರು. ಆಮೇಲೆ ನಿಜವಾದ ಕಾರಣ ಹೇಳಿದರು. ಉಮ್ಮತ್ತೂರಿನಲ್ಲಿದ್ದ ಅವರ ಅಣ್ಣ ನಂಜುಂಡಪ್ಪನಿಗೆ ಓದು ಬಾರದು. ಯಾರಾದರೂ ಓದಿ ಹೇಳಬೇಕು. ಓದಿದರೆ ತಂಗಿಯೇ ಎದುರು ಕೂತು ಹೇಳಿದಂತಿರಬೇಕು. ಅದಕ್ಕೇ ಇವರು ಬಾಯಲ್ಲಿ ಹೇಳುವುದು. ನಾನು ಅಲ್ಲಿ ಇಲ್ಲಿ ಒಂದು ದೊಡ್ಡ ಪದ ಹಾಕಿ ತಿದ್ದಿದರೆ ಹಿಂದಿನಿಂದ ತಲೆಗೆ ಮೊಟಕುವರು.

ಮೈಸೂರಿನ ಯಾರಾದರೂ ಪ್ರಕಾಶಕರಿಗೆ ಕಳಿಸಿ ನೋಡಿ ಎಂದು ಹೇಳಿದ್ದೆ. "ನನ್ ಕೂಸ ನಾನೇ ಹೆತ್ತು ನಾನೇ ಎತ್ಕತೀನಿ. ಸೂಲಗಿತ್ತಿ ನೀನಿದ್ದೀಯಲ್ಲ, ಸಾಕು ಬುಡು" ಎಂದರು. ಪುಸ್ತಕದಲ್ಲಿ ಪ್ರಕಾಶಕರು ಎಂಬ ಕಡೆಯಲ್ಲೂ ಅವರದೇ ಹೆಸರು. ಹರಾಜಿಗೆ ಗೂಡು ತಂದು ಕಾಯುತ್ತಾ ಕೂತ ರೈತರ ಕೈಗೆ ಒಂದೊಂದು ಪ್ರತಿ ಕೊಟ್ಟು, "ಸುಮ್ನೆ ಬೀಡಿ ಸೇದ್ತಾ ಕೂರೋ ಬದ್ಲು ಓದ್ರಪ್ಪ, ಮನೇಗೂ ತಗಂಡೋಗಿ" ಎನ್ನುವರು. ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದರೆ ಚೀಲದಲ್ಲಿ ಪುಸ್ತಕ ಇರಲೇಬೇಕು.

ಅವರಿಗೆ ಮಕ್ಕಳಿರಲಿಲ್ಲ. ಗಂಡ ಎನ್ನುವವನು ಶುಂಠಿ ಕೆಲಸಕ್ಕೆಂದು ಕೇರಳದ ಕಡೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಇವರಿಗೆ ಉಳಿದದ್ದು ಅಣ್ಣ ಒಬ್ಬ. ಗೌರಿ ಹಬ್ಬ ಬಂತೆಂದರೆ ಆತ ಉಮ್ಮತ್ತೂರಿನಿಂದ ಬಸ್ಸು ಹತ್ತಿ, ಸೀರೆ, ಬಳೆ, ಅರಿಶಿನ ಕುಂಕುಮ, ಕಾಯಿ ಎಲ್ಲಾ ಮೊರದಲ್ಲಿಟ್ಟು ತವರಿನ ಬಾಗಿನ ತರುತ್ತಿದ್ದ. ಬೇರೆಯವರ ಕೈಲಿ ಕಳಿಸಿದ್ದೇ ಇಲ್ಲವಂತೆ. ಆ ಒಂದು ದಿನವನ್ನು ಮಹದೇವಕ್ಕ ವರ್ಷವೆಲ್ಲಾ ಹೇಳುತ್ತಿದ್ದರು.

ಆ ಬಾಗಿನವನ್ನು ನಿಲ್ಲಿಸಿದ್ದು ಅವರ ಮೊದಲನೆಯ ಕಾದಂಬರಿಯೇ.

ಅದರ ಹೆಸರು 'ಒಂದೇ ಒಲೆ'. ಕೂಡುಕುಟುಂಬದ ಕಥೆ. ಅದರಲ್ಲಿ ಒಬ್ಬ ಅತ್ತಿಗೆ, ಬಾಯಿ ತೆರೆದರೆ "ನಾನೇನ್ ಕಂಡೆ" ಎನ್ನುವವಳು, ಉಪ್ಪಿನಕಾಯಿ ಜಾಡಿಗೂ ಬೀಗ ಹಾಕುವವಳು. ಟೈಪ್ ಮಾಡುವಾಗಲೇ ನಾನು, "ಅಕ್ಕಾ, ಇದು ನಿಮ್ಮ ಅತ್ತಿಗೆಯ ಮಾತಲ್ವಾ? ಊರಲ್ಲಿ ಗುರುತು ಹಿಡಿಯುತ್ತಾರೆ" ಎಂದಿದ್ದೆ. "ಹಿಡೀಲಿ ಬುಡು. ಕೊನೇಲಿ ಅವ್ಳೇ ಅಲ್ವಾ ಮನೆ ಉಳ್ಸೋದು? ಅತ್ತಿಗೆ ಕೇಳಿ ಅತ್ಬುಡ್ತಾಳೆ ನೋಡ್ತಿರು" ಎಂದರು. ಕಾದಂಬರಿಯ ಕೊನೆಯಲ್ಲಿ ಆ ಅತ್ತಿಗೆ ತನ್ನ ಸರ ಬಿಚ್ಚಿಕೊಟ್ಟು ನಾದಿನಿಯನ್ನು ಓದಿಸುತ್ತಾಳೆ. ಅದೂ ನಡೆದದ್ದೇ ಅಂತೆ.

ಆದರೆ ಉಮ್ಮತ್ತೂರಿನಲ್ಲಿ ಕೊನೆಯವರೆಗೆ ಯಾರು ಓದಿದರು? ಜಗಲಿಯ ಮೇಲೆ ಕೂತು ಒಬ್ಬರು ಓದುವುದು, ಹತ್ತು ಜನ ಕೇಳುವುದು. ಬೀಗದ ಜಾಡಿ ಬಂದ ಕೂಡಲೇ ಊರೆಲ್ಲಾ ನಕ್ಕಿತು. ನಂಜುಂಡಪ್ಪ ಪುಸ್ತಕ ಕಿತ್ತುಕೊಂಡು ಒಲೆಗೆ ಹಾಕಿದನಂತೆ. ಇವರು ಓಡಿಹೋಗಿ, "ಅಣ್ಣಾ, ಅದು ಕಟ್ಟುಕತೆ ಕಣಣ್ಣ, ಕೊನೆಗಂಟ ಕೇಳು" ಎಂದರೆ, "ಕಟ್ಟುಕತೇನ ಯಾರಾದ್ರೂ ಅಚ್ಚಾಕ್ಸಾರಾ? ಅಚ್ಚಾದ್ಮೇಲೆ ನಿಜವೇ ಅಲ್ವಾ? ನನ್ ಮನೆ ಮಾನವ ಬಸ್ಸಲ್ಲಿ ಹಂಚ್ದೆ. ಇನ್ನು ಈ ಹೊಸ್ತಿಲು ಮೆಟ್ಬ್ಯಾಡ" ಎಂದನಂತೆ.

ಆ ವರ್ಷದ ಗೌರಿ ಹಬ್ಬದಂದು ನಾನು ಅವರ ಮನೆಗೆ ಹೋದೆ. ಕಡುಬು ಬೇಯಿಸಿ, ಬಾಗಿಲು ತೆರೆದಿಟ್ಟು, ಹೊಸ್ತಿಲ ಹತ್ತಿರವೇ ಕೂತಿದ್ದರು. ಉಮ್ಮತ್ತೂರಿನ ಬಸ್ಸು ಬರುವ ಹೊತ್ತುಗಳೆಲ್ಲಾ ಅವರಿಗೆ ಬಾಯಿಪಾಠ. ಕೊನೆಯ ಬಸ್ಸಿನ ಹೊತ್ತೂ ಮೀರಿದ ಮೇಲೆ ಎದ್ದು, ಕಡುಬನ್ನೆಲ್ಲಾ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟು, "ನಿಮ್ಮವ್ವಂಗೆ ಕೊಡು. ನಂಗ್ಯಾಕೋ ಹೊಟ್ಟೆ ತುಂಬ್ದಂಗದೆ" ಎಂದರು. ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

ದೆವ್ವದ ಕಾದಂಬರಿ ಹುಟ್ಟಿದ್ದು ಆಮೇಲೆ. "ಈ ಸಲ ಯಾರ್ ಮನೆ ಮಾತೂ ಇಲ್ಲ ಕಣಮ್ಮಿ. ದೆವ್ವಕ್ಕೆ ಅತ್ತಿಗೆ ಇರಲ್ಲ, ನಾದ್ನಿ ಇರಲ್ಲ. ಅಣ್ಣಂಗೆ ಚಿಕ್ಕಂದಿಂದ್ಲೂ ದೆವ್ವದ ಕತೆ ಅಂದ್ರೆ ಪ್ರಾಣ. ಕೇಳ್ದೆ ಇರಲ್ಲ" ಎಂದು ಶುರು ಮಾಡಿದರು. ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಕಡೆಗೆ ಹೋಗುವಾಗ ರಸ್ತೆಯ ಪಕ್ಕ ಒಂದು ಹಳೆಯ ಹುಣಸೆಮರ, ಅದರ ಕೆಳಗೆ ಬಸ್ಸು ನಿಲ್ಲುವ ಜಾಗ. ಕಾದಂಬರಿಯ ಹೆಂಗಸು ಆ ಮರದಲ್ಲಿ ವಾಸ. ಪುಸ್ತಕ ಚೆನ್ನಾಗಿ ಖರ್ಚಾಯಿತು. ಉಮ್ಮತ್ತೂರಿಗೂ ಕಂಡಕ್ಟರ್ ಕೈಲಿ ಒಂದು ಪ್ರತಿ ಹೋಯಿತು. ಅಲ್ಲಿಂದ ಸುದ್ದಿಯಿಲ್ಲ.

ಸುದ್ದಿ ಬಂದದ್ದು ಹುಣಸೆಮರದಿಂದ. ಗುಂಡ್ಲುಪೇಟೆ ರೂಟಿನ ಕಂಡಕ್ಟರ್ ಒಬ್ಬ ಪ್ರೆಸ್ಸಿಗೇ ಬಂದು, "ಮೇಡಂ, ಏನ್ ಬರ್ದ್ಬುಟ್ರಿ ನೀವು? ಆ ಸ್ಟಾಪಲ್ಲಿ ಒಬ್ರೂ ನಿಲ್ತಿಲ್ಲ. ಮುಂದಿನ ಸ್ಟಾಪಿಗೆ ನಡ್ಕೊಂಡೋಗಿ ಹತ್ತಾರೆ" ಎಂದ. ಮಹದೇವಕ್ಕ ಗಾಬರಿಯಾದರು. ಭಾನುವಾರ ನನ್ನನ್ನೂ ಎಳೆದುಕೊಂಡು ಹೊರಟರು.

ಹೋಗಿ ನೋಡಿದರೆ ಮರದ ಬುಡದಲ್ಲಿ ಕುಯ್ದ ನಿಂಬೆಹಣ್ಣು, ಕುಂಕುಮ, ಕೊಂಬೆಗೆ ದಾರದಲ್ಲಿ ಕಟ್ಟಿದ ಹಸಿರು ಬಳೆ. ದೂರದಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಕೂಗಿದಳು. "ಯಾರವ್ವ ಅದು? ಈಚೆ ಬನ್ನಿ, ಅಲ್ಲಿ ಅವ್ಳದಾಳೆ."

"ಯಾರೂ ಇಲ್ಲ ಕಣಜ್ಜಿ. ಆ ಬುಕ್ಕ ಬರ್ದೋಳು ನಾನೇಯ. ಎಲ್ಲಾ ಸುಳ್ಳು."

ಅಜ್ಜಿ ಹತ್ತಿರ ಬಂದು ಇವರನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಬರ್ದ್ಯಾ? ಅಯ್ಯೋ ನನ್ ಮಗಳೆ, ಅವ್ಳೇ ನಿನ್ ಕೈಲಿ ಬರಸವ್ಳೆ ಕಣೆ. ಇಲ್ದಿದ್ರೆ ಈ ಮರದ ಸುದ್ದಿ ನಿಂಗೆಂಗೆ ಗೊತ್ತಾಗ್ಬೇಕು?"

ಮಹದೇವಕ್ಕ ಹಟಕ್ಕೆ ಮರದ ಬುಡದಲ್ಲೇ ಕೂತರು. ಸೆರಗು ಬಿಗಿಹಿಡಿದು ಕೂತೇ ಇದ್ದರು. ಅಜ್ಜಿ ಊರೊಳಗೆ ಹೋಗಿ ನಾಲ್ಕು ಜನರನ್ನು ಕರೆತಂದಳು. ಅವರು ದೂರದಲ್ಲೇ ನಿಂತು ಇವರಿಗೇ ಕೈಮುಗಿದು, ಒಂದು ಕಾಯಿ ಉರುಳಿಸಿ ಹೋದರು! ನಾನು ಬಿದ್ದು ಬಿದ್ದು ನಕ್ಕೆ. ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಹೆದರಿದ್ದಾರೆ ಎಂದುಕೊಂಡು ರೇಗಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು.

"ಆ ಬಳೆ ನೋಡ್ದಾ ಅಮ್ಮಿ? ಇಲ್ದೇ ಇರೋಳಿಗೂ ಯಾರೋ ತಂದು ಕಟ್ಟವ್ರೆ."



ಮೂರನೆಯದು ಪ್ರೇಮಕಥೆ, 'ಮೋಡದೂರ ಮದುವಣಿಗ'. "ಮನುಷ್ಯರೂ ಬ್ಯಾಡ, ದೆವ್ವವೂ ಬ್ಯಾಡ. ಎರಡರಿಂದ್ಲೂ ಏಟು ತಿಂದೆ" ಎಂದು ಈ ಸಲ ಆಕಾಶಕ್ಕೇ ಏರಿದರು. ಅರಿಶಿನದ ಹೊಲದ ಹುಡುಗಿಯನ್ನು ಮೋಡದ ಊರಿನ ದೊರೆ ಮೆಚ್ಚುತ್ತಾನೆ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಇಳಿದ ಹೊತ್ತಿನಲ್ಲಿ ಮಾತ್ರ ಅವನು ಕೆಳಗೆ ಬರಬಲ್ಲ. ಬಂದು ಅವಳನ್ನು ಕರೆದೊಯ್ಯುತ್ತಾನೆ. ಐವತ್ತರ ಹತ್ತಿರದ ಹೆಂಗಸು, ಕಣ್ಣು ಮುಚ್ಚಿಕೊಂಡು ಆ ದೊರೆಯ ಕೈಬೆರಳನ್ನು ವರ್ಣಿಸುವಾಗ ಧ್ವನಿ ಹುಡುಗಿಯದಾಗುತ್ತಿತ್ತು. ನಾನು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತಾರೆ ಎಂದು ಗೊತ್ತಿತ್ತು.

ಆದರೆ ಆ ಕಥೆಯೂ ಕಡೆಗೆ ಎಲ್ಲಿಗೆ ಬಂತು? ಮೋಡದೂರಿನಲ್ಲಿ ಎಲ್ಲಾ ಇದೆ, ಮುತ್ತಿನ ಉಯ್ಯಾಲೆಯೂ ಇದೆ. ಗೌರಿ ಹಬ್ಬದ ದಿನ ಮಾತ್ರ ಹುಡುಗಿ ಊಟ ಬಿಟ್ಟು ಕೆಳಗೆ ನೋಡುತ್ತಾ ಕೂರುತ್ತಾಳೆ. ಕೆಳಗೆ ಅವಳ ಅಣ್ಣ ಬಾಗಿನದ ಮೊರ ತಲೆಯ ಮೇಲಿಟ್ಟುಕೊಂಡು ಬೆಟ್ಟ ಹತ್ತುತ್ತಿದ್ದಾನೆ.

"ದೊರೆ ಇರೋ ಕಥೆಯಲ್ಲಿ ಅಣ್ಣ ಯಾಕಕ್ಕಾ ಬಂದ?" ಎಂದು ರೇಗಿಸಿದೆ.

"ಮೋಡದ ಮ್ಯಾಲಿದ್ರೂ ಹೆಣ್ಣಿಗೆ ತವರು ಬೇಕಲ್ಲಮ್ಮಿ."

ಅರ್ಧ ಬೆಟ್ಟದಲ್ಲಿ ಮಂಜು ಕವಿದು ಅಣ್ಣನಿಗೆ ದಾರಿ ತಪ್ಪುತ್ತದೆ. "ತಂಗೀ" ಎಂದು ಕೂಗುತ್ತಾನೆ. ಮೇಲಿನಿಂದ ಅವಳು ಓಗೊಡುತ್ತಾಳೆ, ಅವನಿಗೆ ಕೇಳಿಸುವುದಿಲ್ಲ. ಅಲ್ಲಿಗೆ ಮಹದೇವಕ್ಕ ಕುರ್ಚಿಯಿಂದ ಕೈ ತೆಗೆದರು. "ಇಷ್ಟಿರ್ಲಿ. ಬತ್ತಾನೋ ಇಲ್ವೋ, ಈ ಗೌರಿ ಹಬ್ಬ ಕಳೀಲಿ, ಆಮೇಲೆ ಹೇಳ್ತೀನಿ."

ಹಬ್ಬ ಬರುವ ಮುಂಚೆಯೇ ಜ್ವರ ಎಂದು ರಜೆ ಹಾಕಿದರು. ನಾನು ನೋಡಲು ಹೋದಾಗ ಗಂಜಿಯ ಲೋಟ ಹಿಡಿದುಕೊಂಡು, "ಬೇಗ ವಾಸಿಯಾಗ್ಬೇಕು ಅಮ್ಮಿ, ಅವ್ನು ಮಂಜಲ್ಲೇ ನಿಂತವ್ನೆ" ಎಂದರು. ಜ್ವರ ಇಳಿಯದೆ ಆಫೀಸಿನವರು ಮೈಸೂರಿನ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಬಂದದ್ದು ಹೆಣ. ಅಷ್ಟು ವರ್ಷ ಬಾರದಿದ್ದ ನಂಜುಂಡಪ್ಪ ಆವತ್ತು ವ್ಯಾನು ಮಾಡಿಕೊಂಡು ಬಂದ. ಉಮ್ಮತ್ತೂರಿಗೇ ಒಯ್ದು ತಮ್ಮ ಹೊಲದಲ್ಲಿ ಮಣ್ಣು ಮಾಡಿದರು. ಅಂತೂ ತವರು ಸೇರಿದರಲ್ಲ ಎಂದು ಯಾರೋ ಅಂದಾಗ ನನಗೆ ಮೈಯೆಲ್ಲಾ ಉರಿದುಹೋಯಿತು.

ಗೌರಿ ಹಬ್ಬದ ಹಿಂದಿನ ದಿನ ಪ್ರೆಸ್ಸಿನ ಬಾಗಿಲಲ್ಲಿ ನಂಜುಂಡಪ್ಪ ಬಂದು ನಿಂತ. ಮಹದೇವಕ್ಕನದೇ ಎತ್ತರ, ಅದೇ ಹಣೆ.

"ಮಾದೇವಿ ಬುಕ್ಕು ಮಾಡುಸ್ತಿದ್ದುದು ಇಲ್ಲೇನವ್ವ? ಇನ್ನೊಂದು ಬರಸವ್ಳಂತೆ. ಅದ್ರಲ್ಲೂ ನಮ್ಮನೆ ಸುದ್ದಿ ಅದಾ?"

ನನಗೆ ರೇಗಿತು. "ಅದೆ. ಕೂತ್ಕೊಂಡು ಕೇಳಿ. ಈ ಸಲ ಒಲೆಗೆ ಹಾಕೋಕೆ ಆಗಲ್ಲ, ಕಂಪ್ಯೂಟರಲ್ಲಿದೆ" ಎಂದೆ.

ಕೊನೆಯ ಅಧ್ಯಾಯವನ್ನು ಓದಿದೆ. ಅವರು ಹೇಳಿದ ಹಾಗೇ, ನಿಲ್ಲಿಸುವ ಕಡೆ ನಿಲ್ಲಿಸಿ ಓದಿದೆ. ಆತ ಟವಲ್ಲನ್ನು ಮಡಿಲಲ್ಲಿ ಹಿಡಿದು ತಲೆ ಬಗ್ಗಿಸಿ ಕೇಳುತ್ತಿದ್ದ. ಮಂಜು ಕವಿಯಿತು. ಅಣ್ಣ ಕೂಗಿದ. ನಾನು ಸುಮ್ಮನಾದೆ.

"ಆಮೇಲೆ?"

"ಇಷ್ಟೇ."

"ಇಷ್ಟೇ ಅಂದ್ರೆ? ಬಂದ್ನಾ ಇಲ್ವಾ?"

"ಈ ಹಬ್ಬಕ್ಕೆ ನೀವು ಬರ್ತೀರಾ ನೋಡ್ಕೊಂಡು ಹೇಳ್ತೀನಿ ಅಂತಿದ್ರು. ಹೇಳೋಕೆ ಅವರೇ ಇಲ್ಲ."

ಆತ ಟವಲ್ಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದ. ಆಮೇಲೆ, "ಬಂದ ಅಂತ ಹಾಕ್ಬುಡವ್ವ" ಎಂದ.

"ನೀವು ಬರಲಿಲ್ಲವಲ್ಲ."

"ಅಚ್ಚಾದ್ರೆ ನಿಜವಾಯ್ತದೆ ಅಂತ ನಾನೇ ಅಂದಿದ್ದೆ. ಹಾಕ್ಬುಡು, ನಿನ್ನ ದಮ್ಮಯ್ಯ."

ಇಲ್ಲ ಎನ್ನಬೇಕೆಂದಿದ್ದೆ. ಆದರೂ 'ಮಂಜು ಸರಿಯಿತು. ಅಣ್ಣ ಬಂದ' ಎಂದು ಟೈಪ್ ಮಾಡಿ ಓದಿ ಹೇಳಿದೆ. ಆತ ಎದ್ದು ಬಂದು, ಓದಲು ಬಾರದ ಆ ಅಕ್ಷರಗಳನ್ನು ನೋಡಲೆಂದು ನನ್ನ ಹಿಂದೆ ನಿಂತ. ಕುರ್ಚಿಯ ಬೆನ್ನಿನ ಮೇಲೆ ಎರಡೂ ಕೈಯೂರಿದ.

"ಅವ್ಳೇನಂದ್ಲು?" ಎಂದ. "ಅದ್ನೂ ಬರಿ ಮಗ."

ನಾನು ಕೀಲಿಮಣೆಯ ಮೇಲೆ ಬೆರಳಿಟ್ಟು, ರೂಢಿಯಂತೆ, ಹಿಂದಿನಿಂದ ಮಾತು ಬರಲಿ ಎಂದು ಕಾದೆ. ಆತನೂ ಕಾಯುತ್ತಿದ್ದ.