ಸಂಡೂರಿನಲ್ಲಿ ಅಮ್ಮಿಯ ಷರತ್ತು

ಹೊಸಪೇಟೆ ದಾಟಿದ ಮೇಲೆ ಬಸ್ಸು ಅದಿರು ಲಾರಿಗಳ ಹಿಂದೆಯೇ ತೆವಳಿತು. ಸಂಡೂರಿನಲ್ಲಿ ಇಳಿಯುವಷ್ಟರಲ್ಲಿ ಅಮ್ಮಿಯ ಕಪ್ಪು ಬುರ್ಖಾ ಅದಿರಿನ ಧೂಳಿಗೆ ಕೆಂಪಾಗಿತ್ತು. ನನಗೋ ಸುತ್ತಲಿನ ಹಸಿರು ಗುಡ್ಡಗಳನ್ನು ಕಂಡು ಹಿಗ್ಗೋ ಹಿಗ್ಗು. ನಾಳೆ ನಾರಿಹಳ್ಳದ ಕಣಿವೆ, ನಾಡಿದ್ದು ಹಳೆಯ ಕೋಟೆ ಎಂದು ಮೈಸೂರಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಆದರೆ ಹಲಾಲ್ ಊಟ ಸಿಗದಿದ್ದರೆ ಸಂಜೆಯ ಬಸ್ಸಿಗೇ ವಾಪಸ್ ಎಂದು ಅಮ್ಮಿ ಷರತ್ತು ಹಾಕಿದ್ದಳು.

ಬಸ್ ನಿಲ್ದಾಣದ ಎದುರಿಗಿದ್ದ ಖಾನಾವಳಿಗೆ ಹೋದೆವು. ಅದನ್ನು ನಡೆಸುವ ಹುಲಿಗೆಮ್ಮನ ಹಣೆಯ ತುಂಬ ದೇವರ ಅರಿಸಿನದ ಭಂಡಾರವಿತ್ತು. ಕೋಳಿ ಕೊಯ್ದವರು ಯಾರೆಂದು ಅಳುಕುತ್ತಲೇ ಕೇಳಿದೆ.

"ಮುಲ್ಲಾಸಾಬ್ರೇ ಕೊಯ್ಬೇಕ್ರಿ. ಅವರು ಕೊಯ್ಯದ ಕೋಳಿ ನಾವೂ ತಿನ್ನಂಗಿಲ್ಲ. ನಮ್ಮತ್ತಿ ಕಾಲದಿಂದ ಹಂಗ ಐತಿ."

ಅಮ್ಮಿ ಬಿಚ್ಚುತ್ತಿದ್ದ, ಮನೆಯಿಂದ ತಂದ ಬುತ್ತಿಗಂಟನ್ನು ಮತ್ತೆ ಬಿಗಿದಳು. ಕೋಳಿಸಾರಿನ ಜೊತೆ ಎರಡನೇ ರೊಟ್ಟಿ ಮುರಿಯುತ್ತ ಹುಲಿಗೆಮ್ಮನನ್ನು ಕೇಳಿದಳು: "ನಾಳೆ ಮಧ್ಯಾಹ್ನಕ್ಕೆ ಏನು ಮಾಡ್ತೀರಮ್ಮ?"